ಅಳತೆಗೋಲು ಯಾರ ಕೈಯಲ್ಲಿ?

‘ವಿದ್ಯಾರ್ಥಿಯು ಸ್ಮರಿಸುವನು, ಗುರುತಿಸುವನು, ಹೋಲಿಸುವನು, ಕಾರಣ ಕೊಡುವನು.’ ಬಿ.ಎಡ್. ಓದಿದ ನಮಗೆಲ್ಲ ಈ ಕ್ರಿಯಾಪದಗಳು ಬಾಯಿಪಾಠ. ಪಾಠಯೋಜನೆಯಲ್ಲಿ ಇವನ್ನು ಬರೆಯದೆ ತರಗತಿಯ ಹೊಸ್ತಿಲು ದಾಟುವಂತಿರಲಿಲ್ಲ. ಇವು ಎಲ್ಲಿಂದ ಬಂದವು?

ಕಲಿಕೆಯನ್ನು ಅಳೆಯುವ ಹಟ ಹಳೆಯದು. 1862ರಲ್ಲಿ ಇಂಗ್ಲೆಂಡಿನ ರಾಬರ್ಟ್ ಲೋವ್ ಶಾಲೆಗಳ ಅನುದಾನವನ್ನು ಫಲಿತಾಂಶಕ್ಕೆ ಗಂಟು ಹಾಕಿದ. ಓದು, ಬರಹ, ಲೆಕ್ಕ, ಒಂದೊಂದಕ್ಕೂ ಮಗುವಿಗೆ 2 ಷಿಲಿಂಗ್ 8 ಪೆನ್ಸ್. ಮಗು ತಪ್ಪಿದರೆ ಅಷ್ಟು ಹಣ ಖೋತಾ. ಮೇಷ್ಟರುಗಳು ಓದುವ ಪುಸ್ತಕವನ್ನೇ ಮಕ್ಕಳಿಗೆ ಉರು ಹೊಡೆಸಿದರು. ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಕಟುವಾಗಿ ಟೀಕಿಸಿದ. ಆದರೂ ಆ ಪದ್ಧತಿ 1890ರ ದಶಕದವರೆಗೆ ಉಳಿಯಿತು.

ಅಮೆರಿಕದ ರಾಲ್ಫ್ ಟೈಲರ್ ಹಿಡಿದದ್ದು ಬೇರೆ ದಾರಿ. ಮೊದಲು ಗುರಿ ಹೇಳಿ, ಅದಕ್ಕೆ ತಕ್ಕ ಅನುಭವ ಕೊಡಿ, ಆಮೇಲೆ ಗುರಿ ಮುಟ್ಟಿತೇ ನೋಡಿ ಎಂದು 1949ರ ತನ್ನ ಪುಸ್ತಕದಲ್ಲಿ ಬರೆದರು. ಅವರ ಶಿಷ್ಯ ಬೆಂಜಮಿನ್ ಬ್ಲೂಮ್ 1956ರಲ್ಲಿ ಗುರಿಗಳನ್ನು ಜ್ಞಾನದಿಂದ ಮೌಲ್ಯಮಾಪನದವರೆಗೆ ಆರು ಮೆಟ್ಟಿಲುಗಳಾಗಿ ಜೋಡಿಸಿದರು. ಮರುವರ್ಷವೇ ಅವರು ಪರೀಕ್ಷಾ ಸುಧಾರಣೆಗೆಂದು ಭಾರತಕ್ಕೂ ಬಂದರು. ನಮ್ಮ ಕ್ರಿಯಾಪದಗಳ ತವರು ಅದೇ. 1991ರ ಕನಿಷ್ಠ ಕಲಿಕಾ ಮಟ್ಟ, 2017ರ ಕಲಿಕಾ ಫಲಗಳು ಅದೇ ಬಳ್ಳಿಯ ಕಾಯಿಗಳು.

ಇದೆಲ್ಲ ಬರಿಯ ಕಾಗದದ ಕೆಲಸ ಎನ್ನುವವರ ಜೊತೆ ನಾನಿಲ್ಲ. ‘ತುಂಗಭದ್ರೆಯ ಬಗ್ಗೆ ತಿಳಿಯುವನು’ ಎಂದು ಬರೆದರೆ ಏನೂ ಗೊತ್ತಾಗುವುದಿಲ್ಲ. ಒಮ್ಮೆ ‘ನದಿ ಹರಿಯುವ ದಿಕ್ಕನ್ನು ಭೂಪಟದಲ್ಲಿ ಬೆರಳಿನಿಂದ ತೋರಿಸುವನು’ ಎಂದು ಬರೆದುಕೊಂಡು ಐದನೆಯ ತರಗತಿಗೆ ಹೋದೆ. ಗೋಡೆಯ ಭೂಪಟದಲ್ಲಿ ಹಲವು ಮಕ್ಕಳ ಬೆರಳು ಮೇಲಿನಿಂದ ಕೆಳಕ್ಕೇ ಇಳಿಯಿತು. “ನೀರು ಮೇಲಕ್ಕೆ ಹ್ಯಾಗೆ ಹತ್ತುತ್ತೆ ಮಿಸ್?” ಎಂದಳು ಒಬ್ಬಳು. ಉತ್ತರವೆಂದರೆ ಎತ್ತರ ಎಂದೇ ಅವರು ನಂಬಿದ್ದರು! ಮರುದಿನ ಭೂಪಟವನ್ನು ನೆಲಕ್ಕೆ ಹಾಸಿ, ಉತ್ತರ ದಿಕ್ಕಿಗೆ ತಿರುಗಿಸಿ, ಘಟ್ಟಗಳಿರುವ ಕಡೆ ಕಲ್ಲುಗಳನ್ನಿಟ್ಟು ಪಾಠ ಮಾಡಿದೆ.

ಆ ಬೆರಳು ತಪ್ಪಿದ್ದಕ್ಕೆ ಶಾಲೆಯ ಅನುದಾನ ಕಡಿತವಾಗುವಂತಿದ್ದರೆ? ಬೆರಳನ್ನು ಸರಿಯಾದ ಕಡೆಗೆ ಎಳೆಯಲು ಕಲಿಸಿಬಿಡುತ್ತಿದ್ದರು. ಆ ಹುಡುಗಿಯ ಪ್ರಶ್ನೆ ಯಾರಿಗೂ ಕೇಳಿಸುತ್ತಿರಲಿಲ್ಲ. ಅಳತೆ ನಾಳೆಯ ಪಾಠಕ್ಕೆ ಬೇಕು. ಅದು ಮೇಷ್ಟರ ಕೈಯಲ್ಲಿದ್ದರೆ ದೀಪ, ಖಜಾನೆಯ ಕೈಯಲ್ಲಿದ್ದರೆ ಬೆತ್ತ.