ಬಿಲ್ಲಿನಲ್ಲಿ ಹಿಡಿದ ದುಡ್ಡು ಎಲ್ಲಿ ಹೋಗುತ್ತೆ?

ಅಂತರಘಟ್ಟೆ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ದುರ್ಗಾಂಬಾ ದೇವಿಯ ಜಾತ್ರೆ, ಸಾಲುಗಟ್ಟಿ ಬರುವ ಎತ್ತಿನ ಗಾಡಿಗಳು. ಪಕ್ಕದ ಅಜ್ಜಂಪುರ ಅಂದರೆ ಅಮೃತಮಹಲ್ ರಾಸುಗಳು. ಇಂಥ ಊರಿನ ಹೆಸರೆತ್ತಿ ಆದಾಯ ತೆರಿಗೆಯ ಮಾತು ಶುರು ಮಾಡಿದರೆ ‘ಇದೇನಪ್ಪಾ, ಎಲ್ಲಿಂದೆಲ್ಲಿಗೆ!’ ಅನ್ನಿಸಬಹುದು. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಚರಂಡಿ ಕಟ್ಟಿಸುವ, ಸಿಸಿ ರಸ್ತೆ ಹಾಕಿಸುವ, ಶಾಲೆಯ ಕೊಠಡಿ ರಿಪೇರಿ ಮಾಡಿಸುವ ಯಾವ ಸಣ್ಣ ಕಂಟ್ರಾಕ್ಟರನ್ನಾದರೂ ಕೇಳಿ ನೋಡಿ. ‘ಬಿಲ್ ಆಯ್ತೇನಣ್ಣಾ?’ ಅಂದರೆ ಬರುವ ಉತ್ತರ ಒಂದೇ: ‘ಆಯ್ತು ಮಾರಾಯ, ಹಿಡ್ಕಂಡು ಕೊಟ್ರು.’

ಈ ‘ಹಿಡ್ಕಂಡಿದ್ದು’ ಏನು, ಎಲ್ಲಿಗೆ ಹೋಗುತ್ತದೆ, ವಾಪಸ್ ಬರುತ್ತದೆಯೇ? ಇದಕ್ಕೆ ಐವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದರಲ್ಲಿ ಫ್ಲಾಪಿ ಬರುತ್ತದೆ, ಬೆಂಗಳೂರಿನಲ್ಲಿ ಹುಟ್ಟಿದ ಒಂದು ತಂತ್ರಾಂಶ ಬರುತ್ತದೆ, ನಮ್ಮ ಹೈಕೋರ್ಟಿನ ಒಂದು ತೀರ್ಪೂ ಬರುತ್ತದೆ.

ಮೊದಲು ಬಿಲ್ಲನ್ನೇ ನೋಡೋಣ. ಪಂಚಾಯಿತಿಯ ಕೆಲಸವೊಂದರ ಅಳತೆ ಪುಸ್ತಕ ಬರೆದು ಬಿಲ್ ಪಾಸಾಗುವ ಹೊತ್ತಿಗೆ ಹಲವು ಕಡಿತಗಳು ಸಾಲಾಗಿ ನಿಂತಿರುತ್ತವೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಶೇಕಡಾ 1ರ ಸೆಸ್, ಎರಡೂವರೆ ಲಕ್ಷ ಮೀರಿದ ಗುತ್ತಿಗೆಯಾದರೆ 2018ರ ಅಕ್ಟೋಬರ್ 1ರಿಂದ ಜಿಎಸ್‌ಟಿಯ ಲೆಕ್ಕಕ್ಕೆ ಶೇಕಡಾ 2, ಮರಳು-ಜಲ್ಲಿಯ ರಾಜಧನ, ಭದ್ರತಾ ಠೇವಣಿ. ಇವುಗಳ ಜೊತೆಗೆ ಆದಾಯ ತೆರಿಗೆ, ಅಂದರೆ ಟಿಡಿಎಸ್. ಸೆಸ್ ಹೋದರೆ ಹೋಯಿತು. ಟಿಡಿಎಸ್ ಹಾಗಲ್ಲ. ಅದು ಗುತ್ತಿಗೆದಾರನ ಹೆಸರಿನಲ್ಲಿ ಸರ್ಕಾರದ ಬಳಿ ಜಮಾ ಇರುವ ದುಡ್ಡು. ವರ್ಷದ ಕೊನೆಗೆ ಅವನ ತೆರಿಗೆ ಅಷ್ಟಿಲ್ಲದಿದ್ದರೆ ವಾಪಸ್ ಬರಬೇಕಾದ ದುಡ್ಡು.

ಸಂಬಳದ ಮೇಲೆ ಮೂಲದಲ್ಲೇ ತೆರಿಗೆ ಮುರಿದುಕೊಳ್ಳುವುದು ಬ್ರಿಟಿಷರ ಕಾಲದಿಂದಲೂ ಇತ್ತು. ಗುತ್ತಿಗೆದಾರರ ಸರದಿ ಬಂದದ್ದು 1972ರಲ್ಲಿ. ಆ ವರ್ಷದ ಹಣಕಾಸು ಕಾಯ್ದೆ 1961ರ ಆದಾಯ ತೆರಿಗೆ ಕಾಯ್ದೆಗೆ 194ಸಿ ಎಂಬ ಕಲಮನ್ನು ಸೇರಿಸಿತು. ಸರ್ಕಾರ, ಸ್ಥಳೀಯ ಸಂಸ್ಥೆ, ಕಂಪನಿ ಇವು ಯಾರಿಗಾದರೂ ಗುತ್ತಿಗೆಯ ಹಣ ಕೊಡುವಾಗ ನೂರಕ್ಕೆ ಎರಡು ರೂಪಾಯಿ ಹಿಡಿಯಬೇಕು, ಉಪಗುತ್ತಿಗೆಯಾದರೆ ಒಂದು ರೂಪಾಯಿ. ಕಾರಣ ಸರಳ. ಕಂಟ್ರಾಕ್ಟರು ಇವತ್ತು ಇಲ್ಲಿ, ನಾಳೆ ಇನ್ನೊಂದು ಜಿಲ್ಲೆಯಲ್ಲಿ. ಅವನನ್ನು ಹುಡುಕಿಕೊಂಡು ಹೋಗುವುದಕ್ಕಿಂತ ದುಡ್ಡು ಕೊಡುವ ಕೈಯಲ್ಲೇ ಹಿಡಿಸುವುದು ಇಲಾಖೆಗೆ ಸುಲಭ. 2009ರ ಅಕ್ಟೋಬರ್ 1ರಿಂದ ಲೆಕ್ಕ ಬದಲಾಯಿತು: ವ್ಯಕ್ತಿ ಅಥವಾ ಅವಿಭಕ್ತ ಕುಟುಂಬವಾದರೆ ಶೇಕಡಾ 1, ಉಳಿದವರಿಗೆ 2.

ಇದರಿಂದ ಸಣ್ಣವನಿಗೆ ಏನಾಗುತ್ತದೆ ನೋಡಿ. 1994ರಲ್ಲಿ ಬಂದ 44ಎಡಿ ಎಂಬ ಕಲಮು ಮೊದಲು ಹುಟ್ಟಿದ್ದೇ ಸಿವಿಲ್ ಗುತ್ತಿಗೆದಾರರಿಗಾಗಿ. ಆಗಿನ ಲೆಕ್ಕದಲ್ಲಿ ವರ್ಷದ ವ್ಯವಹಾರ 40 ಲಕ್ಷದ ಒಳಗಿದ್ದರೆ ಅದರ ಶೇಕಡಾ 8ನ್ನು ಆದಾಯ ಎಂದು ಒಪ್ಪಿಕೊಂಡರೆ ಸಾಕು, ಪುಸ್ತಕ ಇಡುವ ರಗಳೆ ಇಲ್ಲ. ಆ ಲೆಕ್ಕದಲ್ಲಿ ನಾಲ್ಕು ಲಕ್ಷದ ಕೆಲಸ ಮಾಡಿದವನ ಆದಾಯ 32,000. ಬೇರೆ ಆದಾಯವಿಲ್ಲದ ಸಾಮಾನ್ಯ ಮನುಷ್ಯನಿಗೆ ಅಷ್ಟಕ್ಕೆ ತೆರಿಗೆಯೇ ಬರುವುದಿಲ್ಲ. ಆದರೆ ಅವನ ಬಿಲ್ಲಿನಲ್ಲಿ 2009ಕ್ಕೆ ಮುಂಚೆ 8,000, ಆಮೇಲೆ 4,000 ರೂಪಾಯಿ ಹಿಡಿದಾಗಿರುತ್ತದೆ. ಸಿಮೆಂಟ್ ಅಂಗಡಿಯ ಸಾಲ, ಮೇಸ್ತ್ರಿಯ ಕೂಲಿ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಎಷ್ಟು ಅಂತ ಗೊತ್ತಿದ್ದವರಿಗೆ ಆ ನಾಲ್ಕು ಸಾವಿರದ ಬೆಲೆಯೂ ಗೊತ್ತು.

ಕಾಗದದ ಕಾಲದಲ್ಲಿ ಈ ದುಡ್ಡಿಗೆ ಇದ್ದ ಸಾಕ್ಷಿ ಒಂದೇ, 16ಎ ನಮೂನೆಯ ಪ್ರಮಾಣಪತ್ರ. ಹಿಡಿದವರು ಅದನ್ನು ಬರೆದು, ಸೀಲು ಹೊಡೆದು ಕೊಡಬೇಕು. ಗುತ್ತಿಗೆದಾರನ ಹತ್ತಿರ ಆ ಚೀಟಿ ಇದ್ದರೆ ದುಡ್ಡು ಇದ್ದಂತೆ, ಇಲ್ಲದಿದ್ದರೆ ಇಲ್ಲ. ಇತ್ತ ಹಿಡಿದವರು ವರ್ಷಕ್ಕೊಮ್ಮೆ 26ಸಿ ಎಂಬ ನಮೂನೆಯಲ್ಲಿ ಯಾರಿಗೆ ಎಷ್ಟು ಕೊಟ್ಟೆವು, ಎಷ್ಟು ಹಿಡಿದೆವು ಅಂತ ಪಟ್ಟಿ ಬರೆದು ಇಲಾಖೆಗೆ ಕಳಿಸಬೇಕು. ಇವೆರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ದೇಶದಾದ್ಯಂತ ಕೂತು ನೋಡುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ.

ಬದಲಾವಣೆ ಬಂದದ್ದು 2003ರಲ್ಲಿ. ಆ ವರ್ಷ ಇ-ಟಿಡಿಎಸ್ ಯೋಜನೆ ಜಾರಿಯಾಯಿತು. ಕಂಪನಿಗಳಿಗೆ ಅದೇ ವರ್ಷದಿಂದ, ಸರ್ಕಾರಿ ಕಚೇರಿಗಳಿಗೆ 2004-05ರಿಂದ ಗಣಕದಲ್ಲೇ ಪಟ್ಟಿ ಕೊಡುವುದು ಕಡ್ಡಾಯವಾಯಿತು. ಉಳಿದ ಸಣ್ಣವರಿಗೆ ಕಾಗದದ ದಾರಿ ಇನ್ನಷ್ಟು ಕಾಲ ತೆರೆದೇ ಇತ್ತು. ಮುಂಬೈಯ ಎನ್‌ಎಸ್‌ಡಿಎಲ್ ಸಂಸ್ಥೆಗೆ ಇದರ ಹೊಣೆ ಬಂತು. 2004ರ ಜನವರಿಯಲ್ಲಿ ‘ತೆರಿಗೆ ಮಾಹಿತಿ ಜಾಲ’ ಶುರುವಾಯಿತು. ಅದೇ ವರ್ಷದ ಜೂನ್‌ನಲ್ಲಿ ಬ್ಯಾಂಕಿಗೆ ತೆರಿಗೆ ಕಟ್ಟುವ ಹಲವು ಪ್ರತಿಗಳ ಚಲನ್ ಹೋಗಿ ಒಂದೇ ಪ್ರತಿಯ ಚಲನ್ ಬಂತು. 2005-06ರಿಂದ ವರ್ಷದ ಪಟ್ಟಿ ಹೋಗಿ ಮೂರು ತಿಂಗಳಿಗೊಮ್ಮೆ ಕೊಡುವ 26ಕ್ಯೂ ಬಂತು.

‘ಇ’ ಅಂತ ಹೆಸರಿದ್ದರೂ ಆಗಿನ ರೀತಿ ನೋಡಿದರೆ ಈಗ ನಗು ಬರುತ್ತದೆ :) ಗಣಕದಲ್ಲಿ ಫೈಲು ತಯಾರಿಸಬೇಕು. ಅದನ್ನು ಫ್ಲಾಪಿಗೋ ಸಿಡಿಗೋ ಹಾಕಬೇಕು. 27ಎ ಎಂಬ ಕಾಗದಕ್ಕೆ ಸಹಿ ಹಾಕಬೇಕು. ಎರಡನ್ನೂ ಹಿಡಿದುಕೊಂಡು ಪಟ್ಟಣದ ಟಿನ್ ಕೇಂದ್ರಕ್ಕೆ ಹೋಗಿ ಕೊಟ್ಟು ರಸೀತಿ ತರಬೇಕು. ಆರಂಭದ ವರ್ಷಗಳಲ್ಲಿ ಅಲ್ಲಿನ ಶುಲ್ಕ ನೂರು ದಾಖಲೆಗಳವರೆಗೆ 25 ರೂಪಾಯಿ, ಸಾವಿರದವರೆಗೆ 150, ಅದಕ್ಕೂ ಮೇಲೆ 500, ಸೇವಾ ತೆರಿಗೆ ಬೇರೆ. ಇಪ್ಪತ್ತೈದು ರೂಪಾಯಿ ಹೆಚ್ಚೇನಲ್ಲ. ಆದರೆ ಅಂತರಘಟ್ಟೆಯಂಥ ಊರಿನಿಂದ ಲೆಕ್ಕ ಹಾಕಿ: ಬಸ್ಸಿನ ದುಡ್ಡು, ಒಂದು ದಿನದ ಕೆಲಸ, ಫ್ಲಾಪಿ ಓದದಿದ್ದರೆ ಇನ್ನೊಂದು ದಿನ. ಫೈಲು ಮಾಡಿಕೊಡುವವರ ಕೂಲಿ ಇದಕ್ಕೆ ಸೇರಿಲ್ಲ.

ಇಲ್ಲಿ ಬೆಂಗಳೂರಿನ ಕಥೆ ಬರುತ್ತದೆ. ಶ್ಯಾಮ್ ಸುಂದರ್ ಗೋಯೆಂಕಾ ಎಂಬ ಉದ್ಯಮಿ ಗಿರಣಿಗಳಿಗೆ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಸರಬರಾಜು ಮಾಡುತ್ತಿದ್ದವರು. ತಮ್ಮ ಲೆಕ್ಕಪತ್ರಕ್ಕೆ ಸರಿಹೊಂದುವ ತಂತ್ರಾಂಶ ಸಿಗಲಿಲ್ಲವೆಂದು ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೇ ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಹುಟ್ಟಿದ ಅದೇ ಮುಂದೆ ಟ್ಯಾಲಿ ಆಯಿತು. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ ಬಂತು. ಪೇಟೆಯ ಅಡಿಕೆ ಮಂಡಿಯಿಂದ ಹಿಡಿದು ಗೊಬ್ಬರದ ಅಂಗಡಿಯವರೆಗೆ ‘ಟ್ಯಾಲಿ ಕಲಿತಿದ್ದೀಯಾ?’ ಅನ್ನುವುದೇ ಕೆಲಸದ ಪರೀಕ್ಷೆಯಾದ ಕಾಲವನ್ನು ನೀವೂ ನೋಡಿರುತ್ತೀರಿ. 2000ದ ದಶಕದ ನಡುವಿನ ಆವೃತ್ತಿಗಳಲ್ಲಿ ಟಿಡಿಎಸ್ ಸೇರಿತು. ಬಿಲ್ಲು ಬರೆಯುವಾಗಲೇ ಎಷ್ಟು ಹಿಡಿಯಬೇಕೆಂದು ತಂತ್ರಾಂಶ ಲೆಕ್ಕ ಹಾಕಿ, ಮೂರು ತಿಂಗಳ ಕೊನೆಗೆ ಇಲಾಖೆ ಕೇಳುವ ಮಾದರಿಯಲ್ಲಿ ಫೈಲು ತೆಗೆದುಕೊಡತೊಡಗಿತು. 2006ರ ಟ್ಯಾಲಿ 9ರಲ್ಲಿ ಕನ್ನಡದಲ್ಲೂ ಲೆಕ್ಕ ಬರೆಯುವ ಸೌಲಭ್ಯ ಬಂತು. ಆದರೆ ಇಲಾಖೆ ಕೇಳುವ ಫೈಲು ಬರೀ ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಸಾದಾ ಪಠ್ಯ ಕಡತ. ಹಾಗಾಗಿ ಕನ್ನಡದ ಖಾತೆ ಇಲಾಖೆಯ ಬಾಗಿಲವರೆಗೆ ಬಂದು ಅಲ್ಲೇ ನಿಂತಿತು.

ಎಲ್ಲರಿಗೂ ಟ್ಯಾಲಿ ಕೊಳ್ಳಲು ಆಗುತ್ತಿರಲಿಲ್ಲ. ಹೆಚ್ಚಿನವರಿಗೆ ಗೊತ್ತಿರದ ಸಂಗತಿಯೆಂದರೆ ಕೊಳ್ಳಲೇಬೇಕೆಂದೂ ಇರಲಿಲ್ಲ. ಎನ್‌ಎಸ್‌ಡಿಎಲ್ (2021ರಿಂದ ಇದರ ಹೆಸರು ಪ್ರೋಟಿಯನ್) ಎರಡು ಸಲಕರಣೆಗಳನ್ನು ಪುಕ್ಕಟೆ ಕೊಟ್ಟಿತು. ಪಟ್ಟಿ ತುಂಬಿಸಲು ಆರ್‌ಪಿಯು, ತುಂಬಿಸಿದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಎಫ್‌ವಿಯು. ಐವತ್ತು ಹೆಸರಿನ ಪಂಚಾಯಿತಿಗೋ ಹಾಲಿನ ಸಂಘಕ್ಕೋ ಇವು ಧಾರಾಳವಾಗಿ ಸಾಕು. ದೊಡ್ಡವರು ಟ್ಯಾಲಿಯಿಂದ ಫೈಲು ತೆಗೆದು ಎಫ್‌ವಿಯುವಿನಲ್ಲಿ ಹಾಯಿಸುತ್ತಿದ್ದರು. ಚಿಕ್ಕವರು ಆರ್‌ಪಿಯುವಿನಲ್ಲಿ ಕೈಯಾರೆ ತುಂಬಿಸಬಹುದಿತ್ತು. ಎರಡೂ ದಾರಿ ಕೂಡುವುದು ಒಂದೇ ಬಾಗಿಲಲ್ಲಿ. 2016ರಲ್ಲಿ ಇಲಾಖೆಯ ಜಾಲತಾಣಕ್ಕೇ ನೇರವಾಗಿ ಕಳಿಸುವ ವ್ಯವಸ್ಥೆಯಾದ ಮೇಲೆ ಟಿನ್ ಕೇಂದ್ರದ ಶುಲ್ಕವೂ ಬಸ್ಸಿನ ದುಡ್ಡೂ ಉಳಿದವು.

ಹಾಗಾದರೆ ಎಲ್ಲ ಸರಿಹೋಯಿತಲ್ಲ? ಇಲ್ಲ. ನನ್ನ ಪ್ರಕಾರ ಈ ಇತಿಹಾಸದ ತಿರುಳು ಇರುವುದೇ ಇಲ್ಲಿ. ಫೈಲು ಕಳಿಸುವ ಖರ್ಚು ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂತು. ಅದೇ ಹೊತ್ತಿಗೆ ಫೈಲಿನಲ್ಲಿ ಆಗುವ ತಪ್ಪಿನ ಬೆಲೆ ಏರುತ್ತಾ ಹೋಯಿತು. ಫೈಲು ಬರೆಯುವವನು ಒಬ್ಬ, ತಪ್ಪಿನ ಏಟು ತಿನ್ನುವವನು ಇನ್ನೊಬ್ಬ.

ಪ್ಯಾನ್ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಹತ್ತು ಅಕ್ಷರ-ಅಂಕಿಗಳು. ನಾಲ್ಕನೆಯ ಅಕ್ಷರ ‘ಪಿ’ ಇದ್ದರೆ ವ್ಯಕ್ತಿ, ‘ಎಫ್’ ಇದ್ದರೆ ಪಾಲುದಾರಿಕೆ, ‘ಸಿ’ ಇದ್ದರೆ ಕಂಪನಿ. ಶೇಕಡಾ 1ರೋ 2ರೋ ಎಂಬುದನ್ನು ಆ ಒಂದು ಅಕ್ಷರವೇ ಹೇಳುತ್ತದೆ. ಮೊದಲ ವರ್ಷಗಳಲ್ಲಿ ಪ್ಯಾನ್ ಸಿಗದಿದ್ದರೆ ಆ ಜಾಗದಲ್ಲಿ ‘ಪ್ಯಾನ್ ಲಭ್ಯವಿಲ್ಲ’ ಎಂಬ ಸಂಕೇತ ಹಾಕಿ ದಾಟಿಸಬಹುದಿತ್ತು. 2010ರ ಏಪ್ರಿಲ್ 1ರಿಂದ 206ಎಎ ಕಲಮು ಬಂದು ಪ್ಯಾನ್ ಕೊಡದವನಿಗೆ ಶೇಕಡಾ 20 ಹಿಡಿಯಬೇಕೆಂದಾಯಿತು. ನಮ್ಮ ನಾಲ್ಕು ಲಕ್ಷದ ಬಿಲ್ಲಿಗೆ 4,000ದ ಬದಲು 80,000! ಬೆರಳು ಜಾರಿ ತಪ್ಪು ಪ್ಯಾನ್ ಹಾಕಿದರೂ ಅದೇ ಲೆಕ್ಕ. ಉಳಿದ 76,000ಕ್ಕೆ ಬಡ್ಡಿ ಸಮೇತ ನೋಟಿಸು ಹಿಡಿದವರಿಗೆ ಬರುತ್ತದೆ. ಅವರು ಇವನ ಮುಂದಿನ ಬಿಲ್ಲನ್ನು ತಡೆಹಿಡಿಯುತ್ತಾರೆ. ಇತ್ತ ಗುತ್ತಿಗೆದಾರನ 26ಎಎಸ್ ಪಟ್ಟಿಯಲ್ಲಿ ಆ ನಾಲ್ಕು ಸಾವಿರವೂ ಕಾಣುವುದಿಲ್ಲ.

ತಡವಾದರೂ ಕಷ್ಟವೇ. 2012ರ ಜುಲೈ 1ರಿಂದ 234ಇ ಕಲಮಿನಡಿ ಫೈಲು ತಡವಾದ ಪ್ರತಿದಿನಕ್ಕೆ 200 ರೂಪಾಯಿ ಶುಲ್ಕ, ಹಿಡಿದ ತೆರಿಗೆಯ ಮೊತ್ತ ಮುಟ್ಟುವವರೆಗೆ. ಕಂಪ್ಯೂಟರಿನಿಂದ ನೋಟಿಸುಗಳು ಸಾಲುಸಾಲಾಗಿ ಬಂದವು. ಇದನ್ನು ಪ್ರಶ್ನಿಸಿದ ಫತೇರಾಜ್ ಸಿಂಘ್ವಿ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2016ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು: ಪರಿಶೀಲನೆಯ ಹಂತದಲ್ಲಿ ಈ ಶುಲ್ಕ ಸೇರಿಸುವ ಅಧಿಕಾರವನ್ನು ಕಾನೂನು ಕೊಟ್ಟಿದ್ದೇ 2015ರ ಜೂನ್ 1ರಿಂದ, ಅದಕ್ಕೆ ಹಿಂದಿನ ಅವಧಿಗೆ ಹಾಗೆ ಹಾಕಿದ್ದು ನಿಲ್ಲುವುದಿಲ್ಲ. ಗುಜರಾತ್ ಹೈಕೋರ್ಟ್ ಮುಂದೆ ಬೇರೆ ಅಭಿಪ್ರಾಯ ತಳೆಯಿತು. ಇರಲಿ, ನಮ್ಮ ರಾಜ್ಯದ ಎಷ್ಟೋ ಸಣ್ಣ ಕಚೇರಿಗಳಿಗೆ ಅದು ಉಸಿರು ಕೊಟ್ಟ ತೀರ್ಪು.

ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ಪಾಡು ಬೇರೆ ರೂಪದಲ್ಲಿದೆ. ಅಲ್ಲಿ ಕಂಟ್ರಾಕ್ಟರಿಗೆ ಸಾಮಾನ್ಯವಾಗಿ ತೆರಿಗೆ ಹಿಡಿಯುವುದಿಲ್ಲ, 1099 ಎಂಬ ನಮೂನೆಯಲ್ಲಿ ಕೊಟ್ಟ ಹಣವನ್ನು ವರದಿ ಮಾಡುತ್ತಾರೆ. ಆದರೆ ತೆರಿಗೆ ಸಂಖ್ಯೆ ಕೊಡದಿದ್ದರೆ ಶೇಕಡಾ 24 ಹಿಡಿಯುತ್ತಾರೆ, ನಮ್ಮ 20ರ ಅಣ್ಣ! ಇಂಥ ನಮೂನೆಗಳು ಹತ್ತಾದರೆ ಸಾಕು, 2024ರಿಂದ ಗಣಕದಲ್ಲೇ ಸಲ್ಲಿಸಬೇಕು. ಅದಕ್ಕೆಂದೇ ಅಲ್ಲಿನ ಇಲಾಖೆ 2023ರ ಜನವರಿಯಲ್ಲಿ ಐರಿಸ್ ಎಂಬ ಪುಕ್ಕಟೆ ಜಾಲತಾಣ ತೆರೆಯಿತು. ಲೆಕ್ಕದ ತಂತ್ರಾಂಶದಿಂದ ಪಟ್ಟಿ ತೆಗೆದು ಅದರ ಮಾದರಿಗೆ ಹೊಂದಿಸಿ ಏರಿಸಿದರಾಯಿತು. ನಾವು ಫ್ಲಾಪಿಯ ಕಾಲದಿಂದ ಕಲಿತ ಪಾಠಕ್ಕೆ ಅವರೂ ಬಂದಿದ್ದಾರೆ.

ನಮ್ಮಲ್ಲೂ ಪುಸ್ತಕ ಬದಲಾಗಿದೆ. 2025ರ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನವನ್ನು 2026ರ ಏಪ್ರಿಲ್ 1 ಎಂದು ಗೊತ್ತುಮಾಡಿತು. ಅದರಲ್ಲಿ 194ಸಿ ಎಂಬ ಹೆಸರೇ ಇಲ್ಲ, ಮೂಲದಲ್ಲಿ ಹಿಡಿಯುವ ಲೆಕ್ಕಗಳೆಲ್ಲ 393ನೇ ಕಲಮಿನ ಕೋಷ್ಟಕಕ್ಕೆ ಸೇರಿವೆ. ಮುಖ್ಯವಾದ ಇನ್ನೊಂದು ಮಾತಿದೆ. ಮೊದಲು ಟಿಡಿಎಸ್ ಫೈಲಿನ ತಪ್ಪನ್ನು ಎಷ್ಟು ವರ್ಷದ ಮೇಲಾದರೂ ತಿದ್ದಬಹುದಿತ್ತು. 2025ರ ಏಪ್ರಿಲ್‌ನಿಂದ ಅದಕ್ಕೆ ಆರು ವರ್ಷದ ಗಡಿ ಬಂತು. ಹೊಸ ಕಾಯ್ದೆಯಲ್ಲಿ ಅದು ಎರಡೇ ವರ್ಷ.

ಆದ್ದರಿಂದ ‘ಕಡಿಮೆ ಖರ್ಚಿನ ದಾರಿ ಯಾವುದು?’ ಅಂತ ಕೇಳುವವರಿಗೆ ಇತಿಹಾಸ ಹೇಳುವ ಉತ್ತರ ಇಷ್ಟು. ಫೈಲು ಕಳಿಸುವುದಕ್ಕೆ ದುಡ್ಡು ಬೇಕಾಗಿಲ್ಲ. ಬೇಕಾದದ್ದು ಖಾತೆ ತೆರೆಯುವ ದಿನವೇ ಪ್ಯಾನ್ ಕಾರ್ಡಿನ ನಕಲು ಇಟ್ಟುಕೊಂಡು, ಇಲಾಖೆಯ ಜಾಲತಾಣದಲ್ಲಿ ಹೆಸರು ತಾಳೆ ನೋಡಿ ಬರೆದುಕೊಳ್ಳುವ ಐದು ನಿಮಿಷದ ತಾಳ್ಮೆ. ಗುತ್ತಿಗೆದಾರರಿಗೂ ಒಂದು ಮಾತು: ‘ಹಿಡ್ಕಂಡು ಕೊಟ್ರು’ ಅಂತ ಸುಮ್ಮನಾಗಬೇಡಿ. ಪ್ರಮಾಣಪತ್ರ ಕೇಳಿ ಪಡೆಯಿರಿ. ನಿಮ್ಮ ಹೆಸರಿಗೆ ಜಮಾ ಆಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ, ಮೊಬೈಲಿನಲ್ಲೇ ಆಗುತ್ತದೆ. ತೆರಿಗೆ ಬರದಿದ್ದರೂ ರಿಟರ್ನ್ ಹಾಕಿ. ಹಾಕದಿದ್ದರೆ ವಾಪಸ್ ಬರಬೇಕಾದ ದುಡ್ಡು ಅಲ್ಲೇ ಉಳಿಯುತ್ತದೆ.

ಜಾತ್ರೆಗೆ ಹೊರಟ ಗಾಡಿಯ ಕೀಲು ಸರಿಯಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳುತ್ತಾರೆ, ಅರ್ಧ ದಾರಿಯಲ್ಲಿ ಚಕ್ರ ಕಳಚಿದ ಮೇಲಲ್ಲ. ಪ್ಯಾನ್ ಸಂಖ್ಯೆಯೂ ಅಂಥದ್ದೇ ಒಂದು ಕೀಲು. ನಿಮ್ಮೂರ ಪಂಚಾಯಿತಿಯಲ್ಲೋ ಸಂಘದಲ್ಲೋ ಈ ಕೆಲಸ ಮಾಡುವವರಿದ್ದರೆ ಇದನ್ನು ಓದಿಸಿ.