ಸುಡುವುದರಿಂದ ತಿದ್ದುವುದರೆಡೆಗೆ

1960ರ ದಶಕದಲ್ಲಿ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ (1974ರಲ್ಲಿ ಅದು ನಿಮ್ಹಾನ್ಸ್ ಆಯಿತು) ಡಾ. ಆರ್. ಎಂ. ವರ್ಮ ಬುರುಡೆ ಕೊರೆಯದೆ ಪಾರ್ಕಿನ್ಸನ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೆನ್ನೆಯಿಂದ ಸೂಜಿ ತೂರಿಸಿ, ಬುರುಡೆಯ ತಳದ ಸಹಜ ರಂಧ್ರದ ಮೂಲಕ ಮೆದುಳಿನ ಆಳ ಮುಟ್ಟುವುದು ಅವರ ವಿಧಾನ. ದಾರಿ ಯಾವುದಾದರೂ ಆ ಕಾಲದ ಶಸ್ತ್ರಚಿಕಿತ್ಸೆಯ ತತ್ತ್ವ ಒಂದೇ: ನಡುಕಕ್ಕೆ ಕಾರಣವಾದ ಚೂರೊಂದನ್ನು ನಿಷ್ಕ್ರಿಯಗೊಳಿಸುವುದು. ಗುರಿ ಕೆಲವೇ ಮಿಲಿಮೀಟರ್ ತಪ್ಪಿದರೆ ಮಾತು ಕೆಡಬಹುದಿತ್ತು, ಕೈ ಸೋಲಬಹುದಿತ್ತು. ಆದ ಗಾಯವನ್ನು ತಿದ್ದುವಂತಿರಲಿಲ್ಲ. ದಶಕದ ಕೊನೆಗೆ ಲೆವೊಡೋಪ ಔಷಧ ಬಂದು ಇಂಥ ಶಸ್ತ್ರಚಿಕಿತ್ಸೆಗಳು ಹಿಂದೆ ಸರಿದವು. ವರ್ಷಗಳು ಕಳೆದಂತೆ ಔಷಧದ ಮಿತಿಯೂ ಗೊತ್ತಾಯಿತು: ಪರಿಣಾಮ ಬೇಗ ಇಳಿಯುತ್ತಿತ್ತು, ಮೈ ತಾನಾಗಿ ಹೊಯ್ದಾಡುತ್ತಿತ್ತು.

ಸುಡುವ ಮುನ್ನ ಜಾಗ ಸರಿಯೇ ಎಂದು ನೋಡಲು ವೈದ್ಯರು ಅಲ್ಲಿಗೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಿದ್ದರು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿದ್ ಗಮನಿಸಿದ್ದು ಇದನ್ನೇ: ಸೆಕೆಂಡಿಗೆ ಸುಮಾರು 100 ಸಲ ಮಿಡಿತ ಕೊಟ್ಟರೆ ನಡುಕ ನಿಲ್ಲುತ್ತದೆ, ನಿಲ್ಲಿಸಿದರೆ ಮರಳುತ್ತದೆ. ಹಾಗಾದರೆ ಸುಡುವುದೇಕೆ? ಪರೀಕ್ಷೆಯೇ ಚಿಕಿತ್ಸೆಯಾಯಿತು. ಎದೆಯ ಚರ್ಮದಡಿ ಬ್ಯಾಟರಿ, ಮೆದುಳಿನಲ್ಲಿ ತಂತಿ. 1990ರ ದಶಕದ ಕೊನೆಗೆ ಮುಂಬೈಯ ಜಸ್ಲೋಕ್ ಆಸ್ಪತ್ರೆಯಲ್ಲಿ ಡಾ. ಪರೇಶ್ ದೋಶಿ ಇದನ್ನು ಆರಂಭಿಸಿದರು.

ಇದರೊಡನೆ ಚಿಕಿತ್ಸೆಯ ಭಾರ ಆಪರೇಷನ್ ಥಿಯೇಟರಿನಿಂದ ಹೊರರೋಗಿ ವಿಭಾಗಕ್ಕೂ ಬಂತು. ತಂತಿ ಹೋದ ಊತಕ್ಕೇ ನಡುಕ ತಗ್ಗುವುದುಂಟು. ಅದು ಇಳಿಯಲೆಂದು ಸಾಮಾನ್ಯವಾಗಿ ಕೆಲವು ವಾರ ಕಾದು ಯಂತ್ರ ಹೊಂದಿಸುತ್ತಾರೆ. ರೋಗಿ ಬೆಳಗಿನ ಮಾತ್ರೆ ತಗೊಳ್ಳದೆ ಬರಬೇಕು. ತಂತಿಯ ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಿಂದುಗಳು. ಒಂದೊಂದರಲ್ಲೂ ವಿದ್ಯುತ್ತನ್ನು ಮೆಲ್ಲಗೆ ಏರಿಸಿ, ಮಣಿಕಟ್ಟಿನ ಬಿಗಿ ಎಲ್ಲಿ ಸಡಿಲವಾಯಿತು, ಮುಖ ಎಲ್ಲಿ ಸೆಳೆಯಿತು ಎಂದು ಬರೆದುಕೊಳ್ಳುತ್ತಾರೆ. ಸೆಕೆಂಡಿಗೆ ಸುಮಾರು 130 ಮಿಡಿತ, ಪ್ರತಿಯೊಂದೂ 60 ಮೈಕ್ರೋಸೆಕೆಂಡ್: ಆರಂಭ ಬಹುತೇಕ ಇಲ್ಲಿಂದ. ಬಿಗಿ ಬೇಗ ಸಡಿಲವಾದರೂ ನಡಿಗೆ ಸುಧಾರಿಸಲು ದಿನಗಳು ಬೇಕಾಗಬಹುದು. ಮಾತ್ರೆಯನ್ನೂ ಜೊತೆಜೊತೆಗೆ ಇಳಿಸಬೇಕು. ಹೀಗಾಗಿ ತಿಂಗಳುಗಟ್ಟಲೆ ಓಡಾಟ. ಸಾನಪಾಡಾದ ಮನೆಯವರಿಗಾದರೆ ಪ್ರತಿ ಸಲವೂ ಖಾರಿ ದಾಟುವ ಪ್ರಯಾಣ.

ಕೈ ಸುಧಾರಿಸುವ ಮಟ್ಟದಲ್ಲೇ ಮಾತು ತೊದಲುವುದೂ ಉಂಟು. ನಡುಕ ಕಣ್ಣಿಗೆ ಕಾಣುತ್ತದೆ, ತೊದಲನ್ನು ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಕನ್ನಡವಾಡುವ ಅಜ್ಜನನ್ನು ಹಿಂದಿಯಲ್ಲಿ ಎಣಿಸಲು ಹೇಳಿದರೆ ಸಣ್ಣ ವ್ಯತ್ಯಾಸ ತಪ್ಪಿಹೋಗಬಹುದು. ‘ಇವರ ಮಾತು ಮೊದಲು ಹೀಗಿರಲಿಲ್ಲ’ ಎಂದು ಮೊದಲು ಗುರುತಿಸುವವರು ಮನೆಯವರೇ. ವರ್ಮರ ಕಾಲದಲ್ಲಿ ಹಾಗೆ ಹೇಳಿದರೂ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಈಗ ಅದನ್ನು ಕೇಳಿ ವೈದ್ಯರು ಮಿಡಿತವನ್ನು ಇಳಿಸಬಹುದು, ಬಿಂದು ಬದಲಿಸಬಹುದು.