ಶತ್ರುವಿನ ದೇಶ ಎಲ್ಲಿದೆ?

ಕಳೆದ ಬೇಸಿಗೆಯಲ್ಲಿ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳಕ್ಕೆ ಹೋಗಿದ್ದಾಗ ತಂಗಿಯ ಮಗ ಒಂದು ನಕ್ಷೆ ತೋರಿಸಿದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದದ್ದು. ನದಿ, ಕೋಟೆ, ಮಾತನಾಡುವ ಮರಗಳ ಕಾಡು. ಅವನೂ ಅವನ ಮೂವರು ಗೆಳೆಯರೂ ಸೇರಿ ಕಟ್ಟಿದ ಆಟವಂತೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಆ ಲೋಕದಲ್ಲಿ ಸಂಚರಿಸುತ್ತಾರೆ. ಗೆಲುವು ಸೋಲನ್ನು ದಾಳ ನಿರ್ಧರಿಸುತ್ತದೆ. ನಕ್ಷೆಯ ಬಲ ಅಂಚಿನಲ್ಲಿ ಕಪ್ಪು ಮರುಭೂಮಿ. ಅಲ್ಲಿ ಗುಮ್ಮಟಗಳು, ಬಾಗಿದ ಕತ್ತಿ ಹಿಡಿದ ಸೈನಿಕರು.

“ಇದು ಯಾರ ದೇಶ?” ಎಂದೆ.

“ದುಶ್ಮನರದು, ಮಾಮೂ.”

ಪ್ರತಿ ಶುಕ್ರವಾರ ಗುಮ್ಮಟದ ಕೆಳಗೆ ನಮಾಜಿಗೆ ನಿಲ್ಲುವ ಹುಡುಗ ಇವನು. ಶತ್ರುವಿಗೆ ಆ ಮನೆಯನ್ನೇ ಏಕೆ ಕೊಟ್ಟ? ಬೈಯಲು ಮನಸ್ಸಾಗಲಿಲ್ಲ. ಆದರೆ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ಈ ಬಗೆಯ ಆಟ ಅಚ್ಚಾಗಿ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದರ ಹೆಸರು. ಅದಕ್ಕೂ ಮೊದಲು, 1954-55ರಲ್ಲಿ ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ನಕ್ಷೆಗಳೊಂದಿಗೆ ಪ್ರಕಟವಾಗಿತ್ತು. ಅದರಲ್ಲಿ ಕೇಡಿನ ಒಡೆಯನ ಪರವಾಗಿ ಪೂರ್ವ ಮತ್ತು ದಕ್ಷಿಣದ ಜನ ಯುದ್ಧಕ್ಕೆ ಬರುತ್ತಾರೆ. ದಕ್ಷಿಣದವರು ಆನೆಗಳನ್ನೇ ತರುತ್ತಾರೆ. ಬರೆದವನು ವಾಯವ್ಯದ ಮೂಲೆಯಲ್ಲಿ ಕುಳಿತಿದ್ದರೆ ಅಪರಿಚಿತರೆಲ್ಲ ಪೂರ್ವಕ್ಕೋ ದಕ್ಷಿಣಕ್ಕೋ ಬೀಳುವುದು ಸಹಜ. ನನ್ನಿವಾಳದ ಹುಡುಗ ಮಾತ್ರ ಆ ಮೂಲೆಯಲ್ಲಿ ಕುಳಿತವನಲ್ಲ. ಸಿನಿಮಾ, ಮೊಬೈಲಿನ ಆಟಗಳಿಂದ ಅವನು ಎರವಲು ತಂದದ್ದು ಬರೀ ಚಿತ್ರವನ್ನಲ್ಲ, ಅವರು ಕುಳಿತ ಜಾಗವನ್ನೂ ತಂದಿದ್ದ.

‘ನಕ್ಷೆ’ ಎಂಬ ಮಾತು ಅರಬಿಯ ‘ನಕ್ಶ್’ನಿಂದ ಬಂದದ್ದು. ಯಾವ ದಿಕ್ಕು ಮೇಲೆ ಎಂಬುದು ಬರೆಯುವವನ ರೂಢಿ ಎನ್ನುವುದಕ್ಕೆ ಅಲ್ ಇದ್ರೀಸಿಯ ಭೂಪಟವೇ ಸಾಕ್ಷಿ. ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರನಿಗಾಗಿ ಈ ಮುಸ್ಲಿಂ ವಿದ್ವಾಂಸ 1154ರಲ್ಲಿ ಅದನ್ನು ಸಿದ್ಧಪಡಿಸಿದ. ಅದರಲ್ಲಿ ದಕ್ಷಿಣವೇ ಮೇಲಿದೆ.

ಅದು ಇರುವ ಲೋಕದ ನಕ್ಷೆ. ಆಟಕ್ಕಾಗಿ ಕಲ್ಪಿಸಿಕೊಂಡ ಲೋಕಗಳೂ ನಮ್ಮಲ್ಲಿ ಹೊಸವಲ್ಲ. ಅಕ್ಬರನ ಕಾಲದ ‘ಐನೆ ಅಕ್ಬರಿ’ಯಲ್ಲಿ ಅಬುಲ್ ಫಜಲ್ ಗಂಜೀಫಾ ಎಲೆಗಳ ಒಂದು ಹಳೆಯ ಆಟವನ್ನು ವಿವರಿಸುತ್ತಾನೆ. 12 ಬಣ, ಬಣಕ್ಕೆ 12ರಂತೆ 144 ಎಲೆ. ಕುದುರೆಗಳ ದೊರೆ, ಆನೆಗಳ ದೊರೆ, ಕೋಟೆಗಳ ದೊರೆ, ದೋಣಿಗಳ ದೊರೆ, ಹಾವುಗಳ ದೊರೆ, ಹೀಗೆ ಒಂದು ಲೋಕವೇ ಕೈಯಲ್ಲಿ ಹಿಡಿಸುತ್ತದೆ. ದೇವತೆಗಳ ಬಣಕ್ಕೆ ಸಿಂಹಾಸನದ ಮೇಲೆ ಇಂದ್ರ. ಅಸುರರ ಬಣಕ್ಕೆ? ಅಲ್ಲಿ ಸಿಂಹಾಸನದ ಮೇಲಿರುವವರು ದಾವೂದರ ಮಗ ಸುಲೈಮಾನ್, ಜಿನ್ನ್‌ಗಳನ್ನು ಆಳಿದ ಪ್ರವಾದಿ! ಒಂದೇ ಕಟ್ಟಿನಲ್ಲಿ ಇಂದ್ರನೂ ಇದ್ದಾನೆ, ಸುಲೈಮಾನರೂ ಇದ್ದಾರೆ. ಇಬ್ಬರಿಗೂ ಸಿಂಹಾಸನ ಇದೆ.

ನಮ್ಮ ನಾಡಿನಲ್ಲಿ ಈ ಆಟಗಳ ದೊಡ್ಡ ಕುಶಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868). ಟಿಪ್ಪು ಸುಲ್ತಾನರು ಹುತಾತ್ಮರಾದ 1799ರಲ್ಲೇ ಬ್ರಿಟಿಷರು ಈ ಬಾಲಕನನ್ನು ಸಿಂಹಾಸನದಲ್ಲಿ ಕೂರಿಸಿದರು. 1831ರಲ್ಲಿ ಆಡಳಿತವನ್ನು ಅವರೇ ಕಿತ್ತುಕೊಂಡರು. ನಾಡಿನ ನಕ್ಷೆಯ ಮೇಲೆ ಅಧಿಕಾರವಿಲ್ಲದ ಈ ದೊರೆ ಮಣೆಯಾಟಗಳನ್ನೂ ಗಂಜೀಫಾ ಆಟಗಳನ್ನೂ ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ‘ಕೌತುಕನಿಧಿ’ ಇಂಥ ಆಟಗಳಿಗೇ ಮೀಸಲು. ಅವರ ಒಂದು ಆಟಕ್ಕೆ 360 ಎಲೆಗಳು. ಅರಮನೆಯ ಕಾಲಹರಣ ಎಂದು ನಕ್ಕುಬಿಡಬಹುದು. ಆದರೆ ಪರ್ಷಿಯಾದ ಕಡೆಯಿಂದ ಬಂದ, ಮೊಗಲರ ಆಸ್ಥಾನದಲ್ಲಿ ಬೆಳೆದ ಆಟವೊಂದು ಮೈಸೂರಿನಲ್ಲಿ ನಮ್ಮ ದೇವದೇವತೆಯರ ಚಿತ್ರ ತೊಟ್ಟು ನಿಂತಿತು. ‘ಇದು ದುಶ್ಮನರ ಆಟ’ ಎಂದು ಆ ದೊರೆ ದೂರ ತಳ್ಳಲಿಲ್ಲ.

ಅರಮನೆಯ ಮಾತು ಹಾಗಿರಲಿ. ನನ್ನಿವಾಳದ ಕಡೆ ಕುರಿ ಕಾಯುವ ಹುಡುಗರೊಂದಿಗೆ ನಾನು ಆಡಿ ಬೆಳೆದದ್ದು ಹುಲಿ-ಕುರಿ ಆಟ. ಬಂಡೆಯ ಮೇಲೆ ಇದ್ದಿಲಿನಿಂದ ಗುಡ್ಡದಂಥ ಮುಕ್ಕೋನ, ಅದಕ್ಕೆ ಅಡ್ಡಗೆರೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ, ಕುರಿಗಳು ಒಟ್ಟಾಗಿ ಹುಲಿಯನ್ನು ಕಟ್ಟಿಹಾಕುತ್ತವೆ. ಅದೂ ಒಂದು ನಕ್ಷೆಯೇ, ಬಯಲುಸೀಮೆಯ ಭಯವನ್ನೂ ಭರವಸೆಯನ್ನೂ ಬರೆದಿಟ್ಟ ನಕ್ಷೆ. ಅದರ ಕಟ್ಟುಪಾಡು ಒಂದೇ: ಒಂದು ಆಟ ಮುಗಿದ ಮೇಲೆ ಕಡೆ ಬದಲಾಯಿಸಬೇಕು. ಈಗ ಹುಲಿಯಾದವನು ಮುಂದೆ ಕುರಿ. ಮ್ಯಾಸನಾಯಕರ ಹಟ್ಟಿಯ ಗೆಳೆಯನೂ ನಾನೂ ಒಬ್ಬರನ್ನೊಬ್ಬರು ಎಷ್ಟು ಸಲ ತಿಂದಿದ್ದೇವೋ ಲೆಕ್ಕವಿಲ್ಲ. ಶತ್ರುತ್ವ ಅಲ್ಲಿ ಯಾರ ಹುಟ್ಟೂ ಆಗಿರಲಿಲ್ಲ, ಸರದಿಯ ಮೇಲೆ ಬರುವ ಜಾಗವಾಗಿತ್ತು.

ಕಾಲ್ಪನಿಕ ಲೋಕ ಕಟ್ಟುವ ಮಕ್ಕಳನ್ನು ತಡೆಯಬಾರದು. ಶತ್ರುವಿಲ್ಲದೆ ಕಥೆ ನಡೆಯುವುದೂ ಕಷ್ಟ. ಆದರೆ ನಕ್ಷೆಯ ಅಂಚಿನಲ್ಲಿ ಒಂದಿಡೀ ಜನರನ್ನು ಕಪ್ಪು ಬಳಿದು ನಿಲ್ಲಿಸುವ ಅಭ್ಯಾಸ ಕಾಗದದಿಂದ ಬೀದಿಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಬೀದಿಯಲ್ಲಿ ಅದು ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು.

ಹುಡುಗನಿಗೆ ನಾನು ಈ ಇತಿಹಾಸವನ್ನೆಲ್ಲ ಹೇಳಲಿಲ್ಲ. ಒಂದೇ ಮಾತು ಕೇಳಿದೆ: “ಆ ಮರುಭೂಮಿಯ ಜನ ಏನು ತಿನ್ನುತ್ತಾರೆ, ಬೇಟಾ?”

ಅವನು ಯೋಚಿಸಿದ. ಊಟದ ಹೊತ್ತಿಗೆ ಅಲ್ಲೊಂದು ಬಾವಿ, ಎರಡು ಹೊಲ, ಒಂದು ಸಂತೆ ಬಂದಿದ್ದವು. ಸಂತೆ ಬಂದ ಮೇಲೆ ದಾರಿ ಬೇಕಲ್ಲ? ತನ್ನ ಕೋಟೆಯಿಂದ ಅಲ್ಲಿಗೊಂದು ದಾರಿಯನ್ನೂ ಎಳೆದಿದ್ದ.